ಉಗರಿನ್ಯಾಗಿನ ಡಾಂಬರ

ವಡಗಾವಿಯ ಆ ಬೋರ್ಡಿಗೆ ಡಾಂಬರ ಎರಚಿದಾಂವ ನಾನ.
ಹತ್ತೊಂಬತ್ತು ವರ್ಷ ಆಗ. ಬಕೀಟು ಯಾರದೋ,
ಡಾಂಬರಿಗೆ ರೊಕ್ಕ ಕೊಟ್ಟಾಂವ ಯಾವನೋ,
ಕೈ ಮಾತ್ರ ನಂದು.
ಹಿಂದಿನ ವಾರ ಅವರ ಮಂದಿ ನಮ್ಮ ಬೋರ್ಡಿಗೆ ಎರಚಿದ್ರು.
ಅದಕ್ಕೂ ಹಿಂದಿನ ವಾರ ನಾವು.
ಅದಕ್ಕೂ ಹಿಂದ ಯಾರು ಅಂತ ಕೇಳಿದವರನ್ನ
ಮೀಟಿಂಗಿಗೆ ಕರೀತಿರಲಿಲ್ಲ.

ಎರಡನೇ ದಿನ ಅವ್ವ ಅಂದ್ಲು:
"ಶೇವಂತಾಬಾಯಿ ಕಡೆ ಫಾಲ್ ಹಚ್ಚಾಕ ಸೀರಿ ಕೊಟ್ಟೇನಿ,
ತಗೊಂಡ ಬಾ."
ಯಾವ ಶೇವಂತಾಬಾಯಿ ಅಂತ ಕೇಳಲಿಲ್ಲ ನಾನು.
ಓಣಿ ತಿರುಗಿದ ಮ್ಯಾಲ ಕಾಲಿಗೆ ತಿಳೀತು.

ಮಶಿನ್ ನಿಲ್ಲಸಲಿಲ್ಲ ಆಕಿ.
ಚಾಳೀಸಿನ ಮ್ಯಾಲಿಂದ ನನ್ನ ಮಾರಿ ನೋಡಿದ್ಲು, ಆಮ್ಯಾಲ ಕೈ.
ಮೂಲ್ಯಾಗಿನ ಬಾಟ್ಲಿ ತೋರಿಸಿ ಅಂದ್ಲು:
"ಘಾಸಲೇಟ ಐತಿ. ಉಗರಿನ್ಯಾಗಿಂದು ಮೊದ್ಲ ತಗಿ.
ಆಯಿ ಸೀರಿಗೆ ಹತ್ತತೈತಿ."

ಬಯ್ದಿದ್ರ ನನ್ನ ಹತ್ರ ಉತ್ತರ ಇದ್ವು,
ಭಾಷಣದಾಗ ಕೇಳಿದ್ದು, ಇಸವಿ ಸಮೇತ ಬಾಯಿಪಾಠ.
ಉಗರು ತಿಕ್ಕೊ ಅನ್ನೋದಕ್ಕ
ಯಾರೂ ಉತ್ತರ ಕಲಿಸಿರಲಿಲ್ಲ.

ಸೀರಿ ಮಡಚತ ಕೇಳಿದ್ಲು:
"ಕಾಯ ರೇ, ಅದರಾಗ ಏನ್ ಬರದಿತ್ತು?"
"ಯಾವದ್ರಾಗ?"
"ಹೊರಗಿನ ಫಳಿ ಮ್ಯಾಗ."

ಸಾಲ್ಯಾಗ ಹಿಂದಿ ಕಲತಾಂವ, ಅಕ್ಷರ ಗೊತ್ತಿದ್ವು.
ಓದಬಹುದಿತ್ತು. ಓದಿರಲಿಲ್ಲ.
ವೈರಿ ಅಂತ ತಿಳಕೊಂಡ ಮ್ಯಾಲ
ಕಾಗುಣಿತ ಯಾಕ ಬೇಕು?

ಸ್ಟೂಲ್ ಹಾಕ್ಕೊಂಡು ಏರಿದೆ.
ಪಶ್ಚಾತ್ತಾಪ ಅಂತ ದೊಡ್ಡ ಹೆಸರು ಇಡಬ್ಯಾಡ್ರಿ ಅದಕ್ಕ,
ಏನ್ ಬರದೈತಿ ನೋಡೇಬಿಡೂಣು ಅನ್ನೂ ಹಟ, ಅಷ್ಟ.
ಅರಿವಿ ತೊಯ್ಸಿ ತಿಕ್ಕಿದಂಗ ಒಂದೊಂದ ಬಂತು.
ಮೊದಲ ಮ್ಯಾಲಿನ ಗೆರಿ, ಬಟ್ಟಿ ಒಣಹಾಕೂ ಹಗ್ಗಧಂಗ,
ಆಮ್ಯಾಲ ಅದಕ್ಕ ಜೋತುಬಿದ್ದ ಅಕ್ಷರ:
ಫಾಲ್. ಪಿಕೋ. ಕರೂನ್ ಮಿಳೇಲ್.
ಕೆಳಗ, ಸಣ್ಣದಾಗಿ: ಉಧಾರಿ ಬಂದ್.
ನನ್ನ ನಾಡಿಗೆ ಬಂದಿದ್ದ ಅಪಾಯ
ಪೂರಾ ಇಷ್ಟ ಇತ್ತು.

ಎಲ್ಲಾ ಹೋಗಲಿಲ್ಲ. ಫಳಿ ಮೂಲಿಗೆ ಇನ್ನೂ ಕಪ್ಪೈತಿ.
ನನ್ನೊಳಗೂ. ಸಿಟ್ಟು ಬಂದಾಗ
ಹಳೇ ಇಸವಿ ನಾಲಿಗಿ ತುದಿಗೆ ಬರ್ತಾವು.

ಮೊನ್ನಿ ಶಹಾಪುರದಾಗ ಒಬ್ಬ ಹುಡುಗ ಬಕೀಟ ಹಿಡಕೊಂಡು ನಿಂತಿದ್ದ,
ಅವರ ಕಡೆಯಾಂವ, ನಮ್ಮ ಅಕ್ಷರದ ಮುಂದ.
ಎರಡು ಬಿಗೀಬೇಕನಿಸ್ತು. ತಡದೆ.
"ಎರಚಂತಿ. ಮೊದ್ಲ ಏನ್ ಬರದೈತಿ ಓದು."
ಮಾರಿ ಕೆಂಪಾತು ಅವಂದು. ತೊದಲಿದ:
"ಖಾ... ಖಾರ... ಕುಟ್ಟಿ... ಕೊಡ... ಲಾಗುವದು."
ಅವನ ಗೆಳ್ಯಾರಾಗ ಯಾರೋ ಕಿಸಕ್ಕನ ನಕ್ಕ.

ಎರಚಿದ ಅಂವ. ಸುಳ್ಳ ಯಾಕ ಹೇಳಲಿ.
ಆದ್ರ ಓದಿ ಎರಚಿದ.
ಕೈ ಒಂಚೂರು ತಡೀತು, ಅರ್ಧ ನೆಲಕ್ಕ ಬಿತ್ತು,
ಅವನ ಚಪ್ಪಲಿ ಮ್ಯಾಲೂ.

ಘಾಸಲೇಟ ಈಗ ರೇಶನ್ನಿನ್ಯಾಗ ಸಿಗೂದಿಲ್ಲ.
ನಮ್ಮನ್ಯಾಗ ಒಂದು ಬಾಟ್ಲಿ ಐತಿ, ಚೋಟುದ್ದ ಉಳದೈತಿ.
ಮನಿ ಯಾವದಂತ ಅವಗ ಹೇಳಿ ಬಂದೇನಿ.