ಸಣ್ಣ ದನಿಯ ಜಾಗ

ಸೀಸದ ಮುದ್ರೆ ಇನ್ನೂ ಹಾಗೇ ಇತ್ತು,
ತೊಗರಿಕಾಳಿನಷ್ಟು, ರಾಟೆಗೆ ಬಿಗಿದ ತಂತಿಯ ತುದಿಯಲ್ಲಿ.
ಯುದ್ಧದ ವರ್ಷಗಳಲ್ಲಿ ಮನೆಮನೆಗೆ ಬಂದವರು
ಸೋಫಿಯಾ ಒಂದನ್ನೇ ಕೇಳಿ ಎಂದು
ಹಾಕಿಹೋದ ಮುದ್ರೆ.
ಅದನ್ನು ಮಾತ್ರ ಕೀಳಬೇಡ ರುಮ್ಯಾನಕ್ಕಾ,
ಅಂದಿದ್ದಳು ತ್ಸ್ವೆತಾನ,
ಮುದ್ರೆಯಿದ್ದರೆ ಬೆಲೆ ಹೆಚ್ಚಂತೆ.
ಹಾಡದಿದ್ದರೂ ಸರಿ, ದೀಪ ಹೊತ್ತಿದರೆ ಸಾಕು.

ರೂಸೆಯ ಈ ನೆಲಮಾಳಿಗೆಯಲ್ಲಿ
ಹಡಗುಕಟ್ಟೆಯ ಕೆಲಸ ಹೋದಂದಿನಿಂದ
ಬೆಸುಗೆಯ ಹೊಗೆ ಕುಡಿಯುತ್ತಿದ್ದೇನೆ.
ನನಗೆ ಗೊತ್ತು, ಇವನ್ನು ಒಮ್ಮೆಲೇ ಎಬ್ಬಿಸಬಾರದು.
ಮೂವತ್ತು ವರ್ಷ ಅಟ್ಟದಲ್ಲಿ ಮಲಗಿದ್ದಕ್ಕೆ
ಇನ್ನೂರಿಪ್ಪತ್ತು ವೋಲ್ಟು ನೇರ ಕೊಟ್ಟರೆ
ಎದೆ ಒಡೆದುಕೊಳ್ಳುತ್ತದೆ.
ನಡುವೆ ಒಂದು ಬಲ್ಬು ಕಟ್ಟಿ
ಅಂಬೆಗಾಲಲ್ಲಿ ಕರೆಂಟನ್ನು ಒಳಬಿಡಬೇಕು.

ಅದಕ್ಕೂ ಮೊದಲು ಕಸ.
ಇಲಿಗೂಡು, ಸೂರ್ಯಕಾಂತಿ ಬೀಜದ ಸಿಪ್ಪೆ,
ರೇಷನ್ ಚೀಟಿಯ ಚೂರು, ಕೋಟಿನ ಗುಂಡಿಯೊಂದು
(ಗುಂಡಿಯನ್ನು ಎತ್ತಿಟ್ಟೆ, ಯಾಕೋ).
ಮೇಣ ಸುರಿಸಿಕೊಂಡು ಕೂತ ಹನ್ನೊಂದು ಕೆಪಾಸಿಟರು,
ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುವ ರಬ್ಬರು.
ಸ್ಪೀಕರಿನ ಕಾಗದಕ್ಕೆ ಮೂರು ತೂತು,
ಅವಕ್ಕೆ ಸಿಗರೇಟಿನ ತೆಳುಹಾಳೆ, ಅಂಟು, ನನ್ನ ಉಸಿರು.
ಹಳೆಯ ಕೆಪಾಸಿಟರಿನ ಕರುಳು ತೆಗೆದು
ಹೊಸದನ್ನು ಅದರ ಹೊಟ್ಟೆಯೊಳಗೇ ತುಂಬಿ
ಮೇಣ ಕಾಸಿ ಮುಚ್ಚಿದೆ. ಮೋಸವೇ ಅನ್ನಿ.
ನನ್ನ ಎಡ ಮಂಡಿಗೆ ಡಾಕ್ಟರು ಮಾಡಿದ್ದೂ ಇದೇ.

ವಾಲ್ಯೂಮಿನ ಗುಂಡಿ ಬಿಚ್ಚಿದಾಗ ಕೈ ನಿಂತಿತು.
ಒಳಗಿನ ಕರಿಯ ಹಾದಿ, ಕುದುರೆಲಾಳದ ಆಕಾರದ್ದು,
ಮುಕ್ಕಾಲು ಪಾಲು ನಿನ್ನೆ ಬಳಿದಂತೆ ಮಿರುಗುತ್ತಿತ್ತು.
ಶುರುವಿನ ಅರ್ಧ ಬೆರಳು ಮಾತ್ರ,
ಅತಿ ಸಣ್ಣ ದನಿಯ ಜಾಗ,
ಸವೆದು ಸವೆದು ಬೋಳು.
ಗಟ್ಟಿಯಾಗಿ ಈ ಮನೆ ಎಂದೂ ಕೇಳಿಯೇ ಇಲ್ಲ.

ಸರ್ಕಾರದ ಸುದ್ದಿಯನ್ನು
ಕಂಬಳಿ ಹೊದ್ದು ಕೇಳುವವರು ಯಾರು?
ಭೂತಗನ್ನಡಿ ಹಿಡಿದು ಮತ್ತೆ ನೋಡಿದೆ.
ತಂತಿ ಸರಿಯಿದೆ, ಸೀಸ ಸರಿಯಿದೆ.
ರಾಟೆಯನ್ನು ಅಚ್ಚಿಗೆ ಹಿಡಿದ ತಿರುಪಿನ ತಲೆ ಮಾತ್ರ
ಬಿಚ್ಚಿ ಬಿಗಿದು, ಬಿಚ್ಚಿ ಬಿಗಿದು
ಜಜ್ಜಿಹೋಗಿದೆ.
ಮುಳ್ಳು ಸೋಫಿಯಾದ ಮೇಲೆ, ವಿಧೇಯವಾಗಿ.
ಅದರ ಬೆನ್ನ ಹಿಂದೆ ಅಚ್ಚು
ತನಗೆ ಬೇಕಾದ ಊರಿಗೆ ತಿರುಗುತ್ತಿತ್ತು.
ಮುದ್ರೆ ಹಾಕಿದ ಸರ್ಕಾರ ಹೋಯಿತು, ಇನ್ನೊಂದು ಬಂತು.
ಸವೆತದ ಆಳ ನೋಡಿದರೆ
ಆಗಲೂ ಯಾರೂ ದನಿ ಏರಿಸಿದಂತಿಲ್ಲ.

ಫೋನು ಮಾಡಿ ಕೇಳಿದೆ: ನಿಮ್ಮಜ್ಜನಾ?
ಅಜ್ಜ ಕಿವುಡ, ಅಂದಳು ತ್ಸ್ವೆತಾನ, ಗಣಿಯ ಸಿಡಿತದಿಂದ.
ರೇಡಿಯೋ ಇದ್ದದ್ದು ಅಜ್ಜಿ ಪೆನಾಳ ಅಡುಗೆಮನೆಯಲ್ಲಿ.
ಓದು ಬರಹ ಬಾರದು, ರೊಟ್ಟಿ ಬೇಯಿಸುವುದೊಂದು ಗೊತ್ತು,
ಪಾಪ.
ಪಾಪ, ಅಂದೆ ನಾನೂ.

ತಿರುಪಿನ ಮೇಲಿನ ಗೀರು ಅಗಲವಾಗಿತ್ತು, ಓರೆಯಾಗಿತ್ತು.
ಡಬ್ಬದ ಸ್ಕ್ರೂಡ್ರೈವರುಗಳೊಂದೂ ಕೂರಲಿಲ್ಲ.
ಮೇಲೆ ಹೋಗಿ
ಬೆಣ್ಣೆ ಸವರುವ ಚಾಕು ತಂದೆ.
ಸರಿಯಾಗಿ ಕೂತಿತು.

ಬಲ್ಬು ಮೊದಲು ಕೆಂಪಾಗಿ, ಆಮೇಲೆ ಮಂಕಾಗಿ,
ವಾಲ್ವುಗಳು ಒಂದೊಂದೇ ಕೆಂಡ ಕಣ್ಣು ಬಿಟ್ಟವು.
ಸುಟ್ಟ ಧೂಳಿನ ವಾಸನೆ. ಹಸಿರು ಕಣ್ಣು ನಡುಗಿತು.
ಆ ಬೋಳು ಜಾಗವನ್ನು ಒರೆಸಿದೆ, ಬದಲಾಯಿಸಲಿಲ್ಲ.
ಸೀಸ ಸೀಸದ ಜಾಗದಲ್ಲಿ, ಮುಳ್ಳು ಸೋಫಿಯಾದಲ್ಲಿ,
ನಾನು ಅಚ್ಚನ್ನು ಬೆರಳಲ್ಲೇ ಹೊರಳಿಸುತ್ತ
ಪರಪರ ಸದ್ದಿನ ಆಚೆ
ಹೊಳೆಯಾಚೆಯ ರುಮೇನಿಯಾದ ಹೆಂಗಸೊಬ್ಬಳನ್ನು ಹಿಡಿದೆ.
ಡ್ಯಾನ್ಯೂಬಿನ ನೀರಿನ ಮಟ್ಟ ಓದುತ್ತಿದ್ದಳು,
ಊರು, ಸೆಂಟಿಮೀಟರು, ಊರು, ಸೆಂಟಿಮೀಟರು.

ಬಾಗಿಲು ಹಾಕಿತ್ತು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.
ಆದರೂ ದನಿ ಏರಿಸದೆ
ಕೆನ್ನೆ ಸ್ಪೀಕರಿನ ಬಟ್ಟೆಗೆ ತಾಗುವಷ್ಟು ಬಾಗಿದೆ.
ನಾಲ್ಕು ಇಳಿದಿದೆಯಂತೆ.