ಅರ್ಧ ಸ್ವರ

ಓಬನ್ ಬಂದರು. ಶುಕ್ರವಾರ, ಐದಕ್ಕೆ ಇಪ್ಪತ್ತು ನಿಮಿಷ.
ಮಲ್ ದ್ವೀಪದ ಹಡಗು ಎರಡು ಸಲ ಕೂಗಿಯಾಗಿದೆ.
ನನ್ನ ಕೌಂಟರಿನ ಮುಂದೆ ಒಂಬತ್ತು ಜನ,
ಮೊದಲು ನಿಂತವನಿಗೆ ಎಡಗೆನ್ನೆಯಲ್ಲಷ್ಟೇ ಗಡ್ಡ:
ಬ್ಲೇಡು ಬೇಡ, ಗಾಳಿ ಸೋಕಿದರೂ ಚೂರಿ ಆಡುತ್ತದೆ ಅಲ್ಲಿ.

ಚೀಟಿಯಲ್ಲಿ ಕಾರ್ಬಮಜೆಪೀನ್. ಹೆಸರು ಟಾರ್ಕ್ವಿಲ್ ರೆನ್ನಿ.
ನನ್ನ ನಾಲಿಗೆಗೆ ಎಲ್ಲ ಬಾಯಿಪಾಠ:
ತಲೆ ತಿರುಗಬಹುದು, ತೂಕಡಿಕೆ ಬರಬಹುದು,
ಮೈಮೇಲೆ ದದ್ದು, ಜ್ವರ, ಬಾಯಲ್ಲಿ ಹುಣ್ಣು ಕಂಡರೆ
ತಡಮಾಡದೆ ಡಾಕ್ಟರ ಹತ್ತಿರ ಓಡಿ.
"ಏನಾದರೂ ಕೇಳುವುದಿದೆಯೇ?"
ಇದು ಪ್ರಶ್ನೆಯಲ್ಲ, ಬಾಗಿಲು ತೋರಿಸುವ ಮರ್ಯಾದೆ.
ಇಪ್ಪತ್ತಾರು ವರ್ಷದಿಂದ ಬಲ್ಲೆ.

"ಬೇಗ ಕೊಟ್ಟರೆ ಸಾಕು," ಎಂದ,
"ಟೊಬರ್ಮೋರಿಯ ಶಾಲೆಯ ಪಿಯಾನೋ
ಚಳಿಗಾಲವಿಡೀ ಥಂಡಿ ಕುಡಿದು ಶ್ರುತಿ ಬಿಟ್ಟಿದೆ,
ಕೂರಿಸಬೇಕು."

ಅರ್ಧ ಮಡಚಿದ ಚೀಲ ಕೈಯಲ್ಲೇ ಉಳಿಯಿತು.

ಕಾನೂನು ಓದಿದ್ದು ಯಾವುದೋ ಸಂಜೆ ತರಗತಿಯಲ್ಲಿ,
ಸ್ಯಾಂಡ್‌ವಿಚ್ ತಿನ್ನುತ್ತ, ಅರೆಕಿವಿಯಲ್ಲಿ.
ಸಾವಿರಕ್ಕೆಷ್ಟು ಎಂದು ಎಣಿಸಿ ಸುಮ್ಮನಾಗಬೇಡ,
ಎದುರು ನಿಂತವರು ಯಾರು, ಅವರಿಗೆ ಯಾವುದು ದೊಡ್ಡದು,
ಅದನ್ನು ತಿಳಿ, ಅದನ್ನು ಹೇಳು.
ಆವತ್ತು ನನಗದು ಅಡ್ಡಗೋಡೆಯ ಮೇಲಿಟ್ಟ ದೀಪ.

"ರೆನ್ನಿ, ಇನ್ನೊಂದು ಮಾತು. ತೀರ ಅಪರೂಪ.
ಈ ಮಾತ್ರೆ ನುಂಗಿದ ಕೆಲವರಿಗೆ
ಸ್ವರಗಳೆಲ್ಲ ಅರ್ಧ ಮೆಟ್ಟಿಲು ಇಳಿದು ಕೇಳಿವೆ.
ಬಿಟ್ಟ ಮೇಲೆ ಸರಿಹೋಗಿವೆ, ಎನ್ನುತ್ತಾರೆ."

ಸಾಲಿನಲ್ಲಿ ಯಾರೋ ಕೆಮ್ಮಿದರು. ಯಾರೋ ಛತ್ರಿ ಕುಟ್ಟಿದರು.
"ನೀವು ಹೇಳದೆ ಇದ್ದಿದ್ದರೆ," ಎಂದ ನಿಧಾನವಾಗಿ,
"ನಾನು ಇದನ್ನು ಸುಳ್ಳುಗಾರ ಎನ್ನುತ್ತಿದ್ದೆ."
ಕೋಟಿನ ಜೇಬಿನಿಂದ ಶ್ರುತಿಕವೆ ತೆಗೆದು
ಮಂಡಿಗೆ ಬಡಿದು, ಅದರ ಕಾಲನ್ನು ನನ್ನ ಕೌಂಟರಿಗೂರಿದ.
ಮರ ಹಾಡಿತು. ಕೆಮ್ಮಿನ ಸಿರಪ್ಪಿನ ಬಾಟಲಿಗಳೂ ಕೇಳಿಸಿಕೊಂಡವೋ ಏನೋ.

ಬೇರೆ ಔಷಧಿ ಇದೆ, ಡಾಕ್ಟರಿಗೆ ಫೋನ್ ಮಾಡಬಲ್ಲೆ, ಎಂದೆ.
ನೋವು ಅದಕ್ಕೆ ಬಗ್ಗದೆಯೂ ಇರಬಹುದು, ಅದನ್ನೂ ಹೇಳಿದೆ.
ಏನೂ ತೆಗೆದುಕೊಳ್ಳದಿದ್ದರೆ ಹೇಗಿರುತ್ತದೆಂದು
ಅವನೇ ನನಗೆ ಹೇಳಬಲ್ಲ.

ಹೂಂ ಎನ್ನಲಿಲ್ಲ, ಉಹುಂ ಎನ್ನಲಿಲ್ಲ.
ಹಲ್ಲುಜ್ಜುವ ಬ್ರಷ್ಷುಗಳ ಪಕ್ಕಕ್ಕೆ ಸರಿದು
ಶ್ರುತಿಕವೆಯನ್ನು ಕಿವಿಗೆ ಹಿಡಿದು ನಿಂತ.
ಹಡಗು ಅವನನ್ನು ಬಿಟ್ಟೇ ಹೋಯಿತು.

ಮುಂದಿನವರು ಮಿಸೆಸ್ ಗಿಲ್‌ಕ್ರೈಸ್ಟ್.
ಹಳೆಯ ರಕ್ತದೊತ್ತಡ, ಹಳೆಯ ಮಾತ್ರೆ, ಚೀಲ ಸಿದ್ಧವಿದೆ.
ಅದನ್ನು ನನ್ನ ಕಡೆಗೇ ಎಳೆದುಕೊಂಡು
ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೇಳಿದೆ:
ದಿನವಿಡೀ ನೀವು ಏನು ಮಾಡುತ್ತೀರಿ?