ಎರಡನೆಯ ಕಾವಲಿ

ಹಗಲೆಲ್ಲ ನಮಗೆ ಕೆಲಸವಿಲ್ಲ.
ಹರಿಹರದ ದಾರಿ ಬಿಟ್ಟು, ಮೆಕ್ಕೆಜೋಳದ ಹೊಲ ದಾಟಿ,
ತಂತಿಬೇಲಿಯೊಳಗೆ ಮಲಗಿದ ಟರ್ಬೈನಿನ ಮೂಗಿನಲ್ಲಿ
ಗುಬ್ಬಿ ಗೂಡು ಕಟ್ಟದಂತೆ ನೋಡಿಕೊಳ್ಳುವುದು,
ಎಣ್ಣೆ ಬೆಚ್ಚಗಿದೆಯೇ ಎಂದು ತಾಸಿಗೊಮ್ಮೆ ಬರೆದಿಡುವುದು,
ಅಷ್ಟೇ.
"ನಿಮ್ದು ಪುಣ್ಯ ಬಿಡ್ರೀ ಮೇಡಂ" ಅನ್ನುತ್ತಾನೆ ಗೇಟಿನ ಹಾಲೇಶಿ,
"ಕುಂತಿದ್ದಕ್ಕೂ ಸಂಬಳ."

ಹೌದು, ಕುಂತಿದ್ದಕ್ಕೇ ಸಂಬಳ.
ಉರಿದದ್ದಕ್ಕಲ್ಲ,
ಕರೆದರೆ ಉರಿಯುತ್ತೇವೆ ಎಂಬ ಮಾತಿಗೆ.

ಮಧ್ಯಾಹ್ನ ಬಿಸಿಲೇ ಊರು ನಡೆಸುತ್ತದೆ.
ದುರ್ಗದ ಗುಡ್ಡದ ಮೇಲೆ ಗಾಳಿಕಂಬಗಳು
ಮನಸ್ಸು ಬಂದರೆ ತಿರುಗುತ್ತವೆ.
ಬಳ್ಳಾರಿ ಕಡೆಯ ಕಲ್ಲಿದ್ದಲ ಬಾಯ್ಲರುಗಳೋ
ಮೊಣಕಾಲು ನೋವಿನ ದೊಡ್ಡಪ್ಪನ ಹಾಗೆ:
ಏಳಲೂ ಹೊತ್ತು, ಕೂರಲೂ ಹೊತ್ತು.

ಆರೂವರೆಗೆ ಶುರು.
ಬಿಸಿಲಿಗೆ ಇನ್ನರ್ಧ ತಾಸು ಇರು ಎನ್ನುವವರಿಲ್ಲ.
ಚೌಕಿಪೇಟೆಯ ಸೀರೆ ಅಂಗಡಿಗಳಲ್ಲಿ ಎಲ್ಲ ದೀಪ ಒಟ್ಟಿಗೆ,
ವಿದ್ಯಾನಗರದ ಹಾಸ್ಟೆಲಿನಲ್ಲಿ ನಾಳೆಯ ಬಿಳಿಕೋಟಿಗೆ ಇಸ್ತ್ರಿ,
ಮನೆ ಮನೆಯ ಏಸಿ, ಮೋಟರು, ಗ್ರೈಂಡರು, ಟೀವಿಯಲ್ಲಿ ಮ್ಯಾಚು.
ಯಾರೂ ಯಾರನ್ನೂ ಕೇಳದೆ
ಇಡೀ ಊರು ಒಂದೇ ಉಸಿರಿಗೆ ಸ್ವಿಚ್ಚು ಒತ್ತುತ್ತದೆ.

ಮೊನ್ನೆ ಮಂಗಳವಾರ ಗುಡ್ಡದ ಗಾಳಿಯೂ ಬಿತ್ತು.
ಆರು ನಲವತ್ತೆರಡಕ್ಕೆ ಬೆಂಗಳೂರಿನ ಫೋನು,
ಏರದ ಇಳಿಯದ ದನಿ: "ದಾವಣಗೆರೆ, ಹಚ್ಚಿ."
ಪರದೆಯಲ್ಲಿ ನಲವತ್ತೊಂಬತ್ತು ಪಾಯಿಂಟು ಎಂಟು.
ನೋಡುತ್ತಿದ್ದಂತೆ ಏಳು.
ಐವತ್ತಕ್ಕೆ ಇಷ್ಟೇ ಕಮ್ಮಿ;
ಜ್ವರದ ಕಡ್ಡಿಯಲ್ಲೂ ಇಷ್ಟೇ ಅಲ್ಲವೇ ಗೆರೆ.

ಗುಂಡಿ ಒತ್ತಿದೆ.
ಜ್ವಾಲೆ ಹಿಡಿಯಲಿಲ್ಲ.

ಒಳಗೆ ಉಳಿದ ಗ್ಯಾಸು ಹೊರಗೆ ಹೋಗುವ ತನಕ ಕಾಯಬೇಕು,
ಅದು ನಿಯಮ.
ವರ್ಷವಿಡೀ ಕಾಯುವವಳಿಗೆ
ಆ ಆರು ನಿಮಿಷ ಕಾಯಲು ಬರಲಿಲ್ಲ.
ಅಷ್ಟರಲ್ಲಿ ಎರಡು ಫೀಡರು ಕತ್ತಲಾದವು.
ಮಲೇಬೆನ್ನೂರಿನ ಟೈಲರ್ ಅಂಗಡಿಯಲ್ಲಿ ನಮ್ಮಕ್ಕ
ಮದುವಣಗಿತ್ತಿಯ ರವಿಕೆ ಅರ್ಧ ತೋಳಿಗೆ ನಿಲ್ಲಿಸಿ
ಬೈದಳಂತೆ: "ಒಡಹುಟ್ಟಿದೋಳು ಅಲ್ಲಿದ್ದು ಏನ್ ಬಂತು?"

ಎರಡನೇ ಸಲ ಹಿಡಿಯಿತು.
ಆ ಸದ್ದು ಮೊದಲು ಎದೆಗೆ, ಆಮೇಲೆ ಕಿವಿಗೆ.

ಹತ್ತು ಗಂಟೆಗೆ ಅದೇ ದನಿ, "ಸಾಕು."
ಹಸಿವು ಗೊತ್ತಾಗಿದ್ದು ಆಗಲೇ.
ಬಸ್‌ಸ್ಟ್ಯಾಂಡಿನ ಹಿಂದೆ ಕೊಟ್ರಮ್ಮನ ದೋಸೆ ಹೋಟೆಲು;
ಬೆಳಗಿನಿಂದ ಉರಿದ ಸೌದೆ ಒಲೆಯ ಮೇಲೆ ದೊಡ್ಡ ಕಾವಲಿ,
ಪಕ್ಕದಲ್ಲಿ ಗ್ಯಾಸಿನದು, ಆರಿದ್ದು, ಸಣ್ಣದು.
"ಇದು ಯಾವಾಗ?"
"ಏಳರಿಂದ ಒಂಬತ್ತು. ಸೌದೆ ಒಲಿ ನಾ ಹೇಳ್ದಂಗ ಕೇಳಲ್ಲ,
ಅದಕ್ಕ ಅದರದೇ ಗತ್ತು."
"ತುಟ್ಟಿ ಅಲ್ವಾ?"
"ತುಟ್ಟೀನೇ. ಪ್ಲೇಟ್ ಹಿಡ್ಕೊಂಡು ನಿಂತೋರ ಮುಖ ನೋಡ್ಬೇಕಲ್ಲ ನಾನು."

ನಾನು ಆ ಮುಖಗಳನ್ನು ನೋಡಿಲ್ಲ.
ನನ್ನ ಚಿಮಣಿಯ ಹೊಗೆಯನ್ನೂ ಯಾರೂ ನೋಡಿಲ್ಲ;
ಕಾಣದ ಜಾತಿಯದು, ಇಲ್ಲದ್ದಲ್ಲ.
ಬೇಲಿಯಾಚೆ ಬ್ಯಾಟರಿಗಳಿಗೆ ಕಟ್ಟೆ ಎದ್ದಿದೆ,
ಸಿಮೆಂಟು ಇನ್ನೂ ಹಸಿ, ನಾಯಿಯ ಹೆಜ್ಜೆ ಮೂಡಿದೆ.
ಮಧ್ಯಾಹ್ನದ ಬಿಸಿಲನ್ನು ರಾತ್ರಿಗೆ ಕೊಡುತ್ತವಂತೆ.
ಬರಲಿ. ನಿಜಕ್ಕೂ ಬರಲಿ.
ಮೋಡ ಕವಿದ ಮೂರನೇ ಸಂಜೆ ಏನು ಮಾಡುತ್ತವೋ
ಆಗ ಕೇಳೋಣ.

ಕೊಟ್ರಮ್ಮ ಅರ್ಧ ಈರುಳ್ಳಿಯನ್ನು ಎಣ್ಣೆಗದ್ದಿ
ತಣ್ಣಗಿನ ಕಾವಲಿಯನ್ನು ಸುತ್ತ ಸುತ್ತ ಉಜ್ಜಿದಳು.
ನಾನು ಕೇಳಲಿಲ್ಲ ಯಾಕೆಂದು.

ಇವತ್ತು ಹತ್ತು ಗಂಟೆ: ಎಣ್ಣೆ ಬೆಚ್ಚಗಿದೆ.
ಹನ್ನೊಂದು: ಬೆಚ್ಚಗಿದೆ.
ಹನ್ನೆರಡು: ಗುಬ್ಬಿ ಮತ್ತೆ ಕಡ್ಡಿ ತಂದಿದೆ.